ಮೂಗು ಹಿಡಿಯದೆ ಉಣಿಸಲು ಕಲಿತದ್ದು

ಮೂಗು ಹಿಡಿದರೆ ಬಾಯಿ ತೆರೆಯುತ್ತದೆ ಅಂತ ಗಾದೆ ಐತಿ. ಆ ಗಾದೆಯ ಮೇಲೆ ನಾನು ಹನ್ನೊಂದು ವರ್ಷ ಪಗಾರ ತಿಂದೆ. ಗಾದೆ ಸುಳ್ಳಲ್ಲ, ಬಾಯಿ ತೆರೆಯುವುದು ಖರೆ. ತೆರೆದ ಬಾಯಿಗೆ ಸುರಿದದ್ದು ಹೊಟ್ಟೆಗೆ ಹೋಯಿತೋ ಎದೆಗೆ ಹೋಯಿತೋ ಅಂತ ಗಾದೆ ಕಟ್ಟಿದವರು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ನಾನು ಈರಮ್ಮ. ಹನುಮಸಾಗರದಾಕಿ, ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟಾಕಿ. ಕೊಪ್ಪಳ ಬೇರೆ ಜಿಲ್ಲೆ ಆಯಿತಲ್ಲ, ಅದೇ 1997ರಲ್ಲಿ ಗಂಗಾವತಿಯ ಒಂದು ಖಾಸಗಿ ಮಕ್ಕಳ ದವಾಖಾನೆಗೆ ಆಯಾ ಅಂತ ಸೇರಿದೆ. ಮೊಣಕಾಲು ಕೈಕೊಟ್ಟ ಮೇಲೆ ಬಿಟ್ಟೆ. ಮೊನ್ನೆ ಅಲ್ಲಿಗೆ ಹೊಸದಾಗಿ ಸೇರಿದ ಮೂವರು ಹುಡುಗಿಯರು ಮನೆಗೆ ಬಂದು, "ಅಜ್ಜಿ, ಈ ಕೆಲಸದಾಗ ಏನೇನು ನೋಡ್ಕೋಬೇಕು ಹೇಳ್ರಿ" ಅಂದರು. ಬಾಯಿಲೆ ಹೇಳಿದರೆ ಚಹಾ ಮುಗಿಯುವಷ್ಟರಲ್ಲಿ ಮರೆಯುತ್ತಾರೆ. ಅದಕ್ಕೆ ಬರೆಯುತ್ತಿದ್ದೇನೆ. ಕಾಗುಣಿತ ತಪ್ಪಿದರೆ ಮೊಮ್ಮಗಳು ತಿದ್ದುತ್ತಾಳೆ. ಮಾತು ತಿದ್ದಬ್ಯಾಡ ಅಂತ ಹೇಳಿದ್ದೇನೆ.

ಆಗ ದವಾಖಾನೆಯಲ್ಲಿ ನನ್ನ ಹೆಸರೇ "ಕುಡಿಸೋ ಈರಮ್ಮ". ಕೂಸು ಹಾಲು ಒಲ್ಲೆ ಅಂದರೆ, ಔಷಧಿ ಉಗುಳಿದರೆ ಸಿಸ್ಟರ್ ಒದರುತ್ತಿದ್ದರು, "ಈರಮ್ಮನ್ನ ಕರೀರಿ!" ನಾನು ಬಂದು ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂಡುತ್ತಿದ್ದೆ. ಕೂಸನ್ನು ಕಾಲ ಮೇಲೆ ಅಂಗಾತ ಹಾಕಿಕೊಳ್ಳುತ್ತಿದ್ದೆ. ಎಡಗೈಲೆ ಮೂಗು, ಬಲಗೈಲೆ ಒಳಲೆ. ಒಳಲೆ ಬಾಣಂತಿ ಮನೆಯಲ್ಲಿ ನೋಡಿಯೇ ಇರುತ್ತೀರಿ, ಮೂತಿ ಉದ್ದ ಇರುವ ಸಣ್ಣ ಬಟ್ಟಲು. ಸುರಿ, ಸುರಿ, ಸುರಿ, ಮುಗೀತು. ಕೂಸು ಕಿರುಚಿ ಕೆಂಪಾಗುತ್ತಿತ್ತು, ತಾಯಿ ಕೈ ಮುಗಿಯುತ್ತಿದ್ದಳು. ಒಬ್ಬಾಕೆ ಕುಪ್ಪಸದ ಖಣ ಕೊಟ್ಟು ಕಾಲಿಗೆ ಬಿದ್ದಳು.

ಕೆಮ್ಮಿದರೆ "ನೆತ್ತಿಗೇರ್ತು" ಅಂತ ನೆತ್ತಿ ತಟ್ಟಿ ಊದುತ್ತಿದ್ದೆ. ಎರಡು ದಿನ ಬಿಟ್ಟು ಅದೇ ಕೂಸು ಜ್ವರ, ಎದೆ ಗೊರಗೊರ ಅಂತ ಬಂದರೆ "ತಂಡಿ ಹತ್ತೈತಿ" ಅನ್ನುತ್ತಿದ್ದೆವು. ಗಂಗಾವತಿಯ ಬಿಸಿಲಲ್ಲಿ, ಏಪ್ರಿಲ್ ತಿಂಗಳಲ್ಲೂ ತಂಡಿ. ತಂಡಿಯ ಮೇಲೆ ನಾವು ಹೊರಿಸಿದಷ್ಟು ತಪ್ಪು ಸೊಸೆಯಂದಿರ ಮೇಲೂ ಹೊರಿಸಿಲ್ಲ.

ನಂದಿನಿ ಮೇಡಂ ಬಂದದ್ದು ಆಮೇಲೆ. ಒಂದು ರೂಮಿನ ಬಾಗಿಲಿಗೆ "ವಾಕ್ ಚಿಕಿತ್ಸೆ" ಅಂತ ಬೋರ್ಡು ಬಿತ್ತು. ಮಾತು ಬಾರದ ಮಕ್ಕಳಿಗೆ ಮಾತು ಕಲಿಸುವವರು ಅಂತ ಡಾಕ್ಟರ್ ಸಾಹೇಬ್ರು ಹೇಳಿದರು, ನನ್ನನ್ನು ಆ ರೂಮಿಗೆ ಹಾಕಿದರು. ಮೇಡಂಗೆ ಇಪ್ಪತ್ತೈದೋ ಇಪ್ಪತ್ತಾರೋ. ಮೈಸೂರ ಕಡೆಯವರು, ಮಾತಾಡಿದರೆ ರೇಡಿಯೋದಲ್ಲಿ ವಾರ್ತೆ ಓದಿದಂಗೆ. ಮೊದಲ ವಾರವೆಲ್ಲ ಕೇಳುತ್ತಿದ್ದರು, "ಈರಮ್ಮ, ನೀವು ಆ ತಾಯೀನ ಬೈತಾ ಇದ್ದೀರಾ, ಕರೀತಾ ಇದ್ದೀರಾ?"

"ಕರ್ಯಾಕತ್ತೀನ್ರಿ. ಬೈದ್ರ ನಿಮಗ ಕೇಳೂದು ಬ್ಯಾಡ, ತಿಳೀತೈತಿ."

ಅವರ ಹತ್ತಿರ ಬಂದ ಮೊದಲ ಪೇಶಂಟು ಆರು ತಿಂಗಳ ಕೂಸು. ನನಗೆ ನಗು ತಡೆಯಲಿಲ್ಲ.

"ಮೇಡಂ, ಇದಕ್ಕ ಇನ್ನಾ ಹಲ್ಲ ಬಂದಿಲ್ಲ. ಏನ್ ಭಾಷಣ ಮಾಡಸ್ತೀರಿ?"

"ಮಾತಾಡೋದು ಯಾವುದರಿಂದ ಈರಮ್ಮ?"

"ಬಾಯಿಲೆ."

"ಉಣ್ಣೋದು?"

"ಅದೂ ಬಾಯಿಲೇ."

"ಅದೇ ತುಟಿ, ಅದೇ ನಾಲಿಗೆ, ಅದೇ ಗಂಟಲು. ಅವು ಮೊದಲು ಕಲಿಯೋ ಕೆಲಸ ಚೀಪೋದು, ನುಂಗೋದು. ಅದರಲ್ಲಿ ತೊಂದರೆ ಇದ್ರೆ ಅದನ್ನ ನೋಡೋದೂ ನಮ್ಮ ಕೆಲಸಾನೇ."

ನೋಡುವುದು ಅಂದರೆ ಖರೇನ ನೋಡುವುದೇ. ಮೊದಲ ದಿನ ಮೇಡಂ ಕೂಸಿಗೆ ಕೈ ಹಚ್ಚುತ್ತಿರಲಿಲ್ಲ. ತಾಯಿಗೆ "ನೀವು ಮನೇಲಿ ಹೇಗೆ ಉಣಿಸ್ತೀರೋ ಹಾಗೇ ಉಣಿಸಿ" ಅಂತ ಹೇಳಿ, ಎದುರಿಗೆ ನೆಲದ ಮೇಲೆ ಕೂತು, ಕೂಸಿನ ಗಂಟಲನ್ನೇ ದಿಟ್ಟಿಸುತ್ತಿದ್ದರು. ಡಾಕ್ಟರು ಎದೆಗೆ ಇಟ್ಟು ಕೇಳುವ ನಳಿಗೆಯನ್ನು ಕುತ್ತಿಗೆಗೆ ಹಚ್ಚಿ ನುಂಗುವ ಸಪ್ಪಳ ಕೇಳುತ್ತಿದ್ದರು. ಕುಂತು ನೋಡೋದಕ್ಕೂ ಪಗಾರ ಕೊಡ್ತಾರಲ್ಲ, ನಾನೂ ಓದಬೇಕಿತ್ತು ಅಂದುಕೊಂಡೆ.

ಯಲಬುರ್ಗಾದಿಂದ ಮೂರು ವರ್ಷದ ಒಬ್ಬ ಹುಡುಗ ಬರುತ್ತಿದ್ದ. ಬಿಸ್ಕೀಟು ಬಿಟ್ಟರೆ ಏನೂ ಮುಟ್ಟುತ್ತಿರಲಿಲ್ಲ. ಅನ್ನ ಕಂಡರೆ ಕಾರಿಕೊಳ್ಳುತ್ತಿದ್ದ. ಅವನ ಅಜ್ಜ ಹೊಲ ಮನೆ ಇದ್ದ ದೊಡ್ಡ ಕುಳ. "ಎರಡು ಬಿಟ್ರ ತಾನ ತಿಂತಾನ್ರಿ, ನಿಮ್ಮ ಮೇಡಂಗ ಹೇಳ್ರಿ" ಅಂತ ನನ್ನ ಕಿವಿಯಲ್ಲಿ ಊದಿದ. ನನಗೂ ಹಂಗೇ ಅನಿಸಿತ್ತು. ಮೇಡಂ ಒಂದು ವಾರ ಆ ಹುಡುಗನಿಗೆ ತಿನ್ನಲು ಏನೂ ಕೊಡಲಿಲ್ಲ, ಜೋಳದ ಹಿಟ್ಟು ನಾದಿ ಆಡಲು ಕೊಟ್ಟರು. ಮೊದಲು ಬೆರಳ ತುದಿಲೆ ಮುಟ್ಟಿ ಕೈ ಒರೆಸಿಕೊಂಡ. ನಾಲ್ಕನೇ ದಿನ ಹಿಟ್ಟಿನೊಳಗೆ ಮೊಣಕೈ ತನಕ ಇದ್ದ. ಮೆತ್ತಗಿನದು, ಅಂಟುವುದು ಅಂದರೆ ಅವನ ಕೈಗೂ ಹೆದರಿಕೆ, ನಾಲಿಗೆಗೂ ಹೆದರಿಕೆ, ಹಟ ಅಲ್ಲ ಅಂತ ಮೇಡಂ ಹೇಳಿದರು. ಆಮೇಲೆ ಕಟಕ್ ರೊಟ್ಟಿಯನ್ನು ಬಿಸ್ಕೀಟಿನಷ್ಟು ಮುರಿದು ಕೊಟ್ಟರು. ಕಟುಂ ಅಂತ ಕಡಿದ. ಮುಂದೆ ರೊಟ್ಟಿಗೆ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಉದುರಿಸಿದರು, ಆಮೇಲೆ ಬ್ಯಾಳಿ ತಿಳಿಯಲ್ಲಿ ತುದಿ ಅದ್ದಿದರು. ಮೂರು ತಿಂಗಳಿಗೆ ನೆನೆದ ರೊಟ್ಟಿ ಉಂಡ. ಅಜ್ಜ ಬಂದು, "ನಾ ಹೇಳಿದ್ದೆನಲ್ಲ, ತಾನ ತಿಂತಾನ ಅಂತ" ಅಂದ. ಇಂಥವರಿಗೆ ಉತ್ತರ ಕೊಡಬೇಡಿ. ನಾನು ಕೊಟ್ಟೆ, ಡಾಕ್ಟರ್ ಹತ್ತಿರ ಬೈಸಿಕೊಂಡೆ.

ಇಷ್ಟೆಲ್ಲ ನೋಡಿಯೂ ನನ್ನ ತಲೆಗೆ ಹತ್ತಿರಲಿಲ್ಲ ನೋಡಿ. ದೊಡ್ಡ ಹುಡುಗರಿಗೆ ಈ ಆಟ ಸರಿ, ಕೂಸಿಗೆ ನನ್ನ ಕೈಯೇ ಬೇಕು ಅಂತಿದ್ದೆ. ಮೇಡಂ ಒಳಲೆ ಮುಟ್ಟಬೇಡಿ ಅಂದಿದ್ದರು, ಮುಟ್ಟುತ್ತಿರಲಿಲ್ಲ. ಆದರೆ ಎಸೆದಿರಲಿಲ್ಲ, ಕಪಾಟಿನಲ್ಲಿ ಬಟ್ಟೆಯ ಹಿಂದೆ ಇಟ್ಟಿದ್ದೆ.

ಆಗ ಬಂತು ಹುಲಿಗಿ. ಪೂರ್ತಿ ಹೆಸರು ಹುಲಿಗೆಮ್ಮ. ಆನೆಗೊಂದಿಯ ಕೂಸು. ತಾಯಿ ರೇಣುಕಾ ಬಾಳೆ ತೋಟಕ್ಕೆ ಕೂಲಿಗೆ ಹೋಗುವಾಕಿ. ಹೆರಿಗೆ ತಡವಾಗಿ ಕೂಸು ಹುಟ್ಟಿದ ಕೂಡಲೇ ಅಳಲಿಲ್ಲವಂತೆ. ಕೈಕಾಲು ಕಟ್ಟಿಗೆಯಂಗೆ ಬಿಗಿ, ಕುತ್ತಿಗೆ ನಿಲ್ಲದು. ಒಂದೂವರೆ ವರ್ಷಕ್ಕೆ ಆರು ತಿಂಗಳ ಕೂಸಿನಷ್ಟು ತೂಕ. ಏನು ಕೊಟ್ಟರೂ ಕೆಮ್ಮು, ಕಣ್ಣಲ್ಲಿ ನೀರು.

ಡಾಕ್ಟರ್ ಸಾಹೇಬ್ರು ಸುತ್ತಿ ಬಳಸಿ ಹೇಳುವವರಲ್ಲ. "ಎರಡು ಸಲ ನ್ಯುಮೋನಿಯಾ ಆಗೇತಿ. ಉಂಡಿದ್ದು ಶ್ವಾಸದ ಕಡೆ ಹೊಂಟೈತಿ. ಮತ್ತೊಮ್ಮಿ ಆತಂದ್ರ ಮೂಗಿನಾಗ ನಳಿಗಿ ಹಾಕಿ ಹಾಲು ಬಿಡೂದು. ಅದಕ್ಕೂ ಸರಿ ಹೋಗ್ಲಿಲ್ಲಂದ್ರ ಹುಬ್ಬಳ್ಳಿಗೆ ಹೋಗಿ ಹೊಟ್ಟಿಗೆ ತೂತು ಮಾಡ್ಸಿ ಅಲ್ಲಿಂದ ಊಟ."

ರೇಣುಕಾ ಒಂದೇ ಮಾತು ಕೇಳಿದಳು. "ಬಾಯಿ ಇದ್ದೂ ಬಾಯಿಲೆ ಉಣ್ಣಂಗಿಲ್ಲೇನ್ರಿ ಸಾಹೇಬ್ರ?"

ನಡೆಯಲಿ, ಮಾತಾಡಲಿ ಅಂತ ಆಕೆ ಕೇಳಲೇ ಇಲ್ಲ. ಬಾಯಿಲೆ ಉಣ್ಣಲಿ ಅಷ್ಟೇ.

ಮೇಡಂ ಕಲಿಸಿದ್ದು ಹೀಗೆ. ಕೂಸನ್ನು ನೆಟ್ಟಗೆ ಕೂಡಿಸು. ತಲೆ ಹಿಂದಕ್ಕೆ ಬೀಳಬಾರದು, ಗದ್ದ ಒಂದಿಷ್ಟು ಕೆಳಗೆ. ನೀರಿನಂಥದ್ದು ಬೇಡ, ಅದು ಓಡುತ್ತದೆ, ಕೂಸಿನ ಗಂಟಲು ಅಷ್ಟು ಜೋರು ಓಡದು. ಚಮಚ ಬೋರಲು ಹಿಡಿದರೆ ತಟ್ಟನೆ ಬೀಳದಷ್ಟು ಮಂದ ಇರಬೇಕು. ನುಣ್ಣಗೆ ಅರೆದ ಬಾಳೆಹಣ್ಣು, ಗಂಟಿಲ್ಲದ ರವೆ ಸಜ್ಜಕ. ಚಪ್ಪಟೆ ಚಮಚದ ತುದಿಗೆ ತುಸು, ನಾಲಿಗೆಯ ನಡುವೆ ಒತ್ತಿ ತೆಗೆ. ಆಮೇಲೆ ಕಾಯಿ. ಗಂಟಲು ಮೇಲೆದ್ದು ಇಳಿಯುವ ತನಕ ಎರಡನೇ ಚಮಚ ಎತ್ತಬೇಡ.

ಹದಿನೈದು ಚಮಚಕ್ಕೆ ಮುಕ್ಕಾಲು ತಾಸು. ಮೂರು ವಾರ ರೇಣುಕಾ ಹಂಗೇ ಮಾಡಿದಳು. ಕೆಮ್ಮು ಕಡಿಮೆಯಾಯಿತು.

ಬುಧವಾರ ಮೇಡಂ ಕುಷ್ಟಗಿಗೆ ಹೋಗುತ್ತಿದ್ದರು. ಅಂಥ ಒಂದು ಬುಧವಾರ ರೇಣುಕಾ ತೂಕ ಮಾಡಿಸಲು ಬಂದಿದ್ದಳು. ನಮ್ಮ ರೂಮಿನಲ್ಲಿ ಕೂತು ಕೂಸಿಗೆ ಉಣಿಸುತ್ತಿದ್ದಳು. ಹೊರಗೆ ಆನೆಗೊಂದಿಯ ಟಂಟಂ ಗಾಡಿಯವ ಹಾರ್ನ್ ಮೇಲೆ ಹಾರ್ನ್.

"ಯಕ್ಕಾ, ಬರ್ತೀಯೋ ಬಿಡ್ಲೋ?"

"ಬಂದೆಪ್ಪಾ, ಇನ್ನ ಎಂಟು ಚಮಚ ಐತಿ!"

"ಇಲ್ಲಿ ಕೊಡು ತಂಗಿ" ಅಂದೆ ನಾನು. "ಮೂರು ನಿಮಿಷದ ಕೆಲಸ."

"ಮೇಡಂ ಬ್ಯಾಡ ಅಂದಾರ್ರಿ ಆಯಾ."

"ನಿಮ್ಮ ಮೇಡಂ ಲಂಗ ಹಾಕ್ಕೊಂಡು ಸಾಲಿಗೆ ಹೋಗುವಾಗಿಂದ ನಾ ಕುಡಿಸೀನಿ."

ಒಳಲೆ ತೆಗೆದೆ. ಸಜ್ಜಕಕ್ಕೆ ಹಾಲು ಬೆರೆಸಿ ತೆಳ್ಳಗೆ ಮಾಡಿದೆ. ಕಾಲು ಚಾಚಿದೆ. ಮೂಗು ಹಿಡಿದೆ. ಹುಲಿಗಿ ಒಮ್ಮೆಯೂ ಕೆಮ್ಮಲಿಲ್ಲ. ಕಣ್ಣು ಅಷ್ಟು ದೊಡ್ಡದು ಮಾಡಿ ನನ್ನನ್ನೇ ನೋಡಿತು, ತುಟಿ ತುಸು ಕಪ್ಪಾಗಿ ಮತ್ತೆ ಸರಿಯಾಯಿತು. "ನೋಡು, ಕೆಮ್ಮಿತೇನು?" ಅಂತ ನಾನೇ ಬೀಗಿದೆ. ರೇಣುಕಾ ಓಡಿ ಟಂಟಂ ಹತ್ತಿದಳು.

ಹುಡುಗಿಯರೇ, ಕೆಮ್ಮುವ ಕೂಸಿಗೆ ಹೆದರಬೇಡಿ, ಅದು ತನ್ನ ದಾರಿ ತಾನು ಕಾಯುತ್ತಿರುತ್ತದೆ. ಎದೆಗೆ ಇಳಿದರೂ ಕೆಮ್ಮದ ಕೂಸಿಗೆ ಹೆದರಿ.

ಶನಿವಾರ ಹುಲಿಗಿಯನ್ನು ಹೊತ್ತು ತಂದರು. ಮೈ ಸುಡುತ್ತಿತ್ತು, ಪಕ್ಕೆ ಒಳಗೆ ಎಳೆಯುತ್ತಿತ್ತು. ಜೊತೆಗೆ ರೇಣುಕಾಳ ಅತ್ತೆ ದುರುಗಮ್ಮ, ಬಾಯಿ ತುಂಬ ಎಲಿ ಅಡಕಿ. ಡಾಕ್ಟರ್ ಸಾಹೇಬ್ರು ಎದೆಯ ಫೋಟೋ ನೋಡಿ ರೇಣುಕಾಳ ಮೇಲೆ ಹರಿಹಾಯ್ದರು.

"ಮನ್ಯಾಗ ಮತ್ತ ಒಳಲಿ ಹಾಕೀರಿ ಹೌದಿಲ್ಲೋ?"

ದುರುಗಮ್ಮ ನಡುವೆ ಬಾಯಿ ಹಾಕಿದಳು. "ಹಾಕಿದ್ರ ಏನಾತ್ರಿ? ನನ್ನ ಐದೂ ಮಕ್ಕಳಿಗೆ ಒಳಲಿಲೇ ಹಾಕೀನಿ. ಹೋರಿ ಆದಂಗ ಆಗ್ಯಾವ."

ಸಾಹೇಬ್ರಿಗೆ ಅಷ್ಟೇ ಸಾಕಾಯಿತು. "ಕೂಸಿನ್ನ ಕೊಲ್ಲಾಕತ್ತೀರಿ ನೀವು" ಅಂದರು. ರೇಣುಕಾ ನೆಲ ನೋಡುತ್ತ ನಿಂತಳು. ಒಂದೇ ಒಂದು ಸಲ ಕಣ್ಣೆತ್ತಿ ನನ್ನನ್ನು ನೋಡಿದಳು, ಮತ್ತೆ ನೆಲ.

ನಾನು ಸುಳ್ಳು ಹೇಳದಾಕಿ ಅಂತಲ್ಲ, ಬೇಕಾದಷ್ಟು ಹೇಳಿದ್ದೇನೆ. ಆದರೆ ಆ ನೋಟಕ್ಕೆ ಬಾಯಿ ಮುಚ್ಚಿ ನಿಲ್ಲಲು ಆಗಲಿಲ್ಲ.

"ಸಾಹೇಬ್ರ, ಹಾಕಿದಾಕಿ ನಾನು. ಬುಧವಾರ, ನಮ್ಮ ರೂಮಿನಾಗ."

ಸಾಹೇಬ್ರು ಅಂದದ್ದನ್ನು ಬರೆಯುವುದಿಲ್ಲ, ಮೊಮ್ಮಗಳು ಓದುತ್ತಾಳೆ. ಹುಲಿಗಿಯನ್ನು ಒಳಗೆ ಮಲಗಿಸಿ, ಸೂಜಿ ಮದ್ದು ಶುರು ಮಾಡಿ, ಮೂಗಿಗೆ ನಳಿಗೆ ಹಾಕಿದರು. ಆಮೇಲೆ ನಾನು ರೇಣುಕಾಳನ್ನು ಕೇಳಿದೆ, "ಅಲ್ಲಬೇ, ನನ್ನ ಹೆಸರು ಯಾಕ ಹೇಳ್ಲಿಲ್ಲ?"

"ನಾಳಿ ಮತ್ತ ನಿಮ್ಮ ಕೈಯಾಗ ಕೂಸು ಕೊಡಬೇಕಲ್ರಿ ಆಯಾ."

ಈ ಮಾತನ್ನು ಎರಡು ಸಲ ಓದಿರಿ. ನಮ್ಮ ಕೈಗೆ ಕೂಸು ಕೊಡುವ ತಾಯಂದಿರು ನಮಗೆ ಎಷ್ಟು ಹೆದರುತ್ತಾರೆ ಅಂತ ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಅವರು ಕೈ ಮುಗಿದದ್ದೆಲ್ಲ ಸಂತೋಷಕ್ಕೆ ಅಂದುಕೊಂಡಿದ್ದೆ.

ಸೋಮವಾರ ಮೇಡಂ ನನ್ನನ್ನು ರೂಮಿಗೆ ಕರೆದು ಬಾಗಿಲು ಹಾಕಿದರು. ಬೈಗುಳ ಕಾಯುತ್ತಿದ್ದೆ.

"ಮಲಗಿ" ಅಂದರು.

"ಏನ್ರಿ?"

"ಚಾಪೆ ಮೇಲೆ ಅಂಗಾತ ಮಲಗಿ ಈರಮ್ಮ."

ಮಲಗಿದೆ. ಮೇಡಂ ನನ್ನ ತಲೆ ಹಿಂದಕ್ಕೆ ಚೆಲ್ಲಿ, ಮೂಗು ಹಿಡಿದು, ನನ್ನದೇ ಒಳಲೆಯಿಂದ ಒಂದು ಚಮಚದಷ್ಟು ನೀರು ಬಿಟ್ಟರು. ಒಂದೇ ಚಮಚ. ನಾನು ಎಪ್ಪತ್ತು ಕಿಲೋದ ಹೆಂಗಸು. ಎದ್ದು ಕೂತ ರಭಸಕ್ಕೆ ಮೇಡಂ ಕನ್ನಡಕ ಹಾರಿ ಮೂಲೆಗೆ ಬಿತ್ತು.

"ಸಾಯಿಸ್ತೀರೇನ್ರಿ!" ಅಂತ ಕೆಮ್ಮುತ್ತ ಒದರಿದೆ.

"ನಿಮಗೆ ಎದ್ದು ಕೂರೋಕೆ ಬರುತ್ತೆ, ಒದರೋಕೂ ಬರುತ್ತೆ. ಹುಲಿಗೀಗೆ ಬರಲ್ಲ." ಕನ್ನಡಕ ಹುಡುಕುತ್ತ ಅಂದರು. ದನಿ ಏರಿಸಲಿಲ್ಲ.

ನೀವು ನೀರು ಹಾಕಿಕೊಂಡು ಇದನ್ನು ಮಾಡಬೇಡಿ. ಸುಮ್ಮನೆ ತಲೆ ಹಿಂದಕ್ಕೆ ಚೆಲ್ಲಿ ನಿಮ್ಮ ಉಗುಳನ್ನು ನುಂಗಿ ನೋಡಿ. ಆಮೇಲೆ ಗದ್ದ ತಗ್ಗಿಸಿ ನುಂಗಿ. ಇಷ್ಟರಲ್ಲೇ ಅರ್ಧ ಕೆಲಸ ತಿಳಿಯುತ್ತದೆ.

ಒಳಲೆಯನ್ನು ಅವತ್ತೇ ಹಳೇ ಸಾಮಾನು ಕೊಳ್ಳುವ ಮೋಡ್ಕಾದವನಿಗೆ ಹಾಕಿದೆ. ನಾನು ಕುಡಿಸಿದ ಬೇರೆ ಕೂಸುಗಳ ಬಗ್ಗೆ ಮೇಡಂಗೆ ಕೇಳಿದೆ, ಎಷ್ಟಕ್ಕೆ ಹಿಂಗೆ ಆಗಿರಬೇಕು ಅಂತ. ಅವರು ಹುಲಿಗಿಯ ಚೀಟಿ ತೆಗೆದು ಬರೆಯತೊಡಗಿದರು. ನಾನು ಮತ್ತೆ ಕೇಳಲಿಲ್ಲ.

ಹುಲಿಗಿ ಉಳಿಯಿತು. ನಳಿಗೆ ಹಾಕಿಸಿಕೊಂಡೇ ಮನೆಗೆ ಹೋಗುವ ದಿನ ಸಾಹೇಬ್ರು ಗಡುವು ಹಾಕಿದರು. "ಒಂದು ತಿಂಗಳು. ಎದಿ ಸ್ವಚ್ಛ ಇರ್ಬೇಕು, ತೂಕ ಏರ್ಬೇಕು, ನನ್ನ ಕಣ್ಣ ಮುಂದ ಬಾಯಿಲೆ ಉಂಡು ತೋರಿಸ್ಬೇಕು. ಇಲ್ಲಾಂದ್ರ ಹುಬ್ಬಳ್ಳಿ." ನಳಿಗೆ ಕೆಟ್ಟದ್ದಲ್ಲ, ಅದು ಇದ್ದದ್ದಕ್ಕೇ ಕೂಸಿನ ಮೈಯಲ್ಲಿ ಶಕ್ತಿ ಬಂತು. ಊಟ ನಳಿಗೆಯಿಂದ, ರುಚಿ ನಾಲಿಗೆಯಿಂದ ಅಂತ ಮೇಡಂ ಮಾಡಿದರು. ದಿನಕ್ಕೆ ಎರಡು ಸಲ, ಚಮಚದ ತುದಿಗೆ ಕಾಳಿನಷ್ಟು ಬಾಳೆಹಣ್ಣು. ಎದೆ ಸ್ವಚ್ಛ ಅಂತ ನೋಡಿ, ವಾರ ವಾರ ತುಸು ತುಸು ಏರಿಸುವುದು.

ಪ್ರತಿ ರವಿವಾರ ಆನೆಗೊಂದಿಗೆ ಹೋಗಿ ನೋಡಿ ಬರುವ ಕೆಲಸ ನನಗೆ ಬಂತು. ಶಿಕ್ಷೆಯೋ ನಂಬಿಕೆಯೋ ಯಾರೂ ಹೇಳಲಿಲ್ಲ. ಮೊದಲ ಸಲ ಹೋದರೆ ಮನೆಯಲ್ಲಿ ರೇಣುಕಾ ಇಲ್ಲ, ತೋಟಕ್ಕೆ ಹೋಗಿದ್ದಾಳೆ. ಕೂಸು ದುರುಗಮ್ಮನ ಕಾಲ ಮೇಲೆ, ಆಕೆಯ ಕೈಯಲ್ಲಿ ಒಳಲೆ. ಇನ್ನೂ ಸುರಿದಿರಲಿಲ್ಲ, ದೇವರು ದೊಡ್ಡಾವ.

"ಇಡಬೇ ಕೆಳಗ!"

"ನೀ ಹಾಕಿದ್ರ ನಡೀತೈತಿ, ನಾ ಹಾಕಿದ್ರ ಇಲ್ಲೇನು?" ಅಂದಳು. ಚುರುಕು ಮುದುಕಿ.

"ನಾ ಹಾಕಿದ್ದಕ್ಕ ಮೂಗಿನಾಗ ನಳಿಗಿ ಬಂದೈತಿ. ನೀ ಹಾಕಿ ಹೊಟ್ಟಿಗಿ ತೂತು ಮಾಡ್ಸು. ಮೊದಲ ಇಲ್ಲಿ ಮಲಗು."

"ಯಾಕ, ನನಗೂ ಕುಡಿಸ್ತೀಯೇನ?"

"ಕುಡಸಂಗಿಲ್ಲ. ಮಲಗಿ ಕುತ್ತಿಗಿ ಹಿಂದ ಚೆಲ್ಲು. ಈಗ ಬಾಯಾಗಿನ ರಸ ನುಂಗು."

ಕಟ್ಟೆಯ ಮೇಲೆ ಓಣಿಯ ಹೆಂಗಸರು ಸೇರಿದರು. ದುರುಗಮ್ಮ ಕೂಸನ್ನು ನನ್ನ ಕೈಗೆ ಕೊಟ್ಟು ಮಲಗಿ, ಎಲಿ ಅಡಕಿಯ ಬಾಯಿ ಮುಚ್ಚಿಕೊಂಡು, ಕುತ್ತಿಗೆ ಚೆಲ್ಲಿ, ಒಮ್ಮೆ ತೊಳಲಾಡಿದಳು, ಎರಡನೇ ಸಲ ಕಣ್ಣು ತಿರುವಿದಳು, ಮೂರನೆಯದಕ್ಕೆ ದಡಕ್ಕನೆ ಎದ್ದು ಅಂಗಳಕ್ಕೆ ಪಿಚಕಾರಿ ಬಿಟ್ಟಳು. ನನ್ನ ಸೀರೆಯ ನಿರಿಗೆ ಕೆಂಪಾಯಿತು. ಹೆಂಗಸರು ಬಿದ್ದು ಬಿದ್ದು ನಕ್ಕರು. ದುರುಗಮ್ಮ ಮಾತ್ರ ನಗಲಿಲ್ಲ. ನನ್ನ ಕೈಯಲ್ಲಿನ ಕೂಸನ್ನು ನೋಡಿ, "ಯವ್ವಾ, ಇದಕ್ಕ ಉಗುಳಾಕೂ ಬರೂದಿಲ್ಲಲ್ಲ" ಅಂದಳು.

ಅಲ್ಲಿಂದ ಮುಂದೆ ನಾನು ಕಲಿಸಬೇಕಾದದ್ದು ಕಡಿಮೆ. ಗೋಡೆಯ ಮೂಲೆಗೆ ಎರಡು ತೌಡಿನ ಚೀಲ ಒತ್ತಿ, ನಡುವೆ ಹುಲಿಗಿ ನೆಟ್ಟಗೆ ಕೂಡುವಂಗೆ ದುರುಗಮ್ಮನೇ ಕುರ್ಚಿ ಮಾಡಿದಳು. ಸೊಸೆ ತೋಟಕ್ಕೆ, ಅತ್ತೆ ಚಮಚಕ್ಕೆ. ಯಾರಾದರೂ ಅವಸರ ಮಾಡಿದರೆ ಬೈದು ಓಡಿಸುತ್ತಿದ್ದಳು. ನನ್ನನ್ನೂ ಒಮ್ಮೆ ಓಡಿಸಿದಳು.

ಆ ಕೂಸು ಮುಂದೆ ನಡೆಯಲಿಲ್ಲ, ನಿಮಗೆ ಮೊದಲೇ ಹೇಳಿಬಿಡುತ್ತೇನೆ. ನಾಲ್ಕೈದು ಮಾತು ಬಂದವು, ಅವೂ ಮನೆಯವರಿಗೆ ಮಾತ್ರ ತಿಳಿಯುವಂಥವು. ಈ ಕೆಲಸದಲ್ಲಿ ಎಲ್ಲ ಸರಿಯಾಗುತ್ತದೆ ಅಂತ ಯಾರಿಗೂ ಮಾತು ಕೊಡಬೇಡಿ.

ತಿಂಗಳು ತುಂಬಿದ ದಿನ ಅತ್ತೆ, ಸೊಸೆ, ಕೂಸು ಮೂವರೂ ಬಂದರು. ತೂಕ ಏರಿತ್ತು, ಎದೆಯ ಫೋಟೋ ಸ್ವಚ್ಛ ಇತ್ತು. ಉಣ್ಣುವುದೊಂದು ಉಳಿದಿತ್ತು. ರೇಣುಕಾ ಬಟ್ಟಲು ತೆಗೆದಳು, ಅವಸರದಲ್ಲಿ ಚಮಚದ ತುಂಬ ಎತ್ತಿದಳು. "ಇತ್ತ ಕೊಡು" ಅಂತ ದುರುಗಮ್ಮ ಇಸಿದುಕೊಂಡಳು. ಆವತ್ತು ಆಕೆ ಎಲಿ ಹಾಕಿರಲಿಲ್ಲ.

ಒಂದು ಚಮಚ. ಮೇಡಂ ಹುಲಿಗಿಯ ಕುತ್ತಿಗೆಗೆ ಡಾಕ್ಟರ ನಳಿಗೆ ಹಚ್ಚಿ ಕೇಳುತ್ತಿದ್ದರು. ಸಾಹೇಬ್ರು, ಇಬ್ಬರು ಸಿಸ್ಟರ್, ನಾನು, ರೇಣುಕಾ, ಎಲ್ಲರ ಕಣ್ಣೂ ಆ ಹೆಬ್ಬೆರಳಿನಷ್ಟು ಗಂಟಲಿನ ಮೇಲೆ. ಗಂಟಲು ಮೇಲೆದ್ದಿತು, ಇಳಿಯಿತು. ಎರಡು. ಮೂರು. ನಾಲ್ಕನೆಯದಕ್ಕೆ ಹುಲಿಗಿ "ಆ" ಅಂತ ದನಿ ತೆಗೆಯಿತು. ಗಂಟಲಲ್ಲಿ ಏನಾದರೂ ನಿಂತಿದ್ದರೆ ದನಿ ಗೊರಗೊರ ಅನ್ನುತ್ತದೆ. ಇದು ತೊಳೆದ ಗಂಟೆಯಂಗಿತ್ತು. ಮೇಡಂ ಸಾಹೇಬ್ರ ಕಡೆ ನೋಡಿ ತಲೆ ಆಡಿಸಿದರು.

"ಸಾಕು, ತಿಳೀತು" ಅಂದರು ಸಾಹೇಬ್ರು, ಗಡಿಯಾರ ನೋಡುತ್ತ. "ಹೊರಗ ಪೇಶಂಟು ಕಾಯಾಕತ್ತಾರ. ಹುಬ್ಬಳ್ಳಿ ಬ್ಯಾಡ. ಕೂಸಿನ್ನ ಇತ್ತ ಕೊಡ್ರಿ, ಮೂಗಿನ ನಳಿಗಿ ತಗೀತೀನಿ."

ರೇಣುಕಾ ಸೆರಗು ಬಾಯಿಗೆ ಒತ್ತಿಕೊಂಡಳು. ದುರುಗಮ್ಮ ಕೂಸನ್ನು ಕೊಡಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ತಡೀರಿ ಸಾಹೇಬ್ರ" ಅಂದಳು. "ಬಟ್ಟಲದಾಗ ಇನ್ನಾ ಐತಿ."

ಸಾಹೇಬ್ರು ಒಮ್ಮೆ ಬಾಗಿಲ ಕಡೆ ನೋಡಿದರು, ಒಮ್ಮೆ ಬಟ್ಟಲ ಕಡೆ. ಆಮೇಲೆ ಸ್ಟೂಲ್ ಎಳೆದುಕೊಂಡು ಕೂತರು.